ಒಬ್ಬಾಕಿ ಊರಿಗೆ ಹೊಂಟ್ರ ಕ್ಯಾಮೆರಾ ಸಾಮಾನು ಎಷ್ಟಿರಬೇಕು?

ಒಬ್ಬಾಕಿನೇ ಊರು ನೋಡ್ಲಿಕ್ಕೆ ಹೊಂಟಾಗ ಒಂದು ಕ್ಯಾಮೆರಾ, ಅದಕ್ಕ ಒಂದೇ ಲೆನ್ಸು, ಒಂದು ಹೆಚ್ಚಿಗಿ ಬ್ಯಾಟರಿ ಸಾಕು ಅಂತ ನನ್ನ ಅಭಿಪ್ರಾಯ. ಉಳಿದಿದ್ದೆಲ್ಲಾ ಮನಿ ಕಪಾಟಿನಾಗ ಇರಲಿ. ಒಪ್ಪದವರು ಭಾಳ ಮಂದಿ ಇದ್ದಾರ ಅಂತ ಗೊತ್ತದ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ.

ಈಗ ಯಾಕ ಈ ಮಾತು ಬಂತು ಅಂದ್ರ, ನಮ್ಮ ಓಣಿ ವೈನಿ ಒಬ್ಬರು ಮೈಸೂರಿಗೆ ಒಬ್ಬರೇ ಹೋಗಿ ನಾಕು ದಿವಸ ಇದ್ದು ಫೋಟೋ ತಗೊಂಡು ಬರಬೇಕಂತ ಭಾಳ ದಿವಸದಿಂದ ಹೇಳ್ಕೋತ ಬಂದಾರ. ಟಿಕೀಟು ತಗಸೂ ಮಾತು ಬಂದಾಗೆಲ್ಲಾ ಅವರ ಮನ್ಯಾಗ ಸಭಾ ಕೂಡ್ತದ. ಮಗ ‘ದೊಡ್ಡ ಲೆನ್ಸ್ ಒಯ್ಯಿ, ಟ್ರೈಪಾಡ್ ಒಯ್ಯಿ, ಇಲ್ಲಂದ್ರ ಅರಮನಿ ದೀಪ ಛಲೋ ಬರೂದಿಲ್ಲ’ ಅಂತಾನ. ಯಜಮಾನರು ‘ಅಷ್ಟು ತುಟ್ಟಿ ಸಾಮಾನು ಹೊತ್ಗೊಂಡು ಒಬ್ಬಾಕಿ ಹೆಂಗ ಹೋಗ್ತಿ?’ ಅಂತಾರ. ಕಡೀಕ ‘ಮುಂದಿನ ಸಲ ಎಲ್ಲಾರೂ ಕೂಡೇ ಹೋಗೂಣು’ ಅಂತ ಸಭಾ ಮುಗೀತದ. ಹಿಂಗ ಎರಡು ಸಲ ಆಗ್ಯದ.

ನನಗ ಅನಸೂದು ಇಷ್ಟು. ಸಾಮಾನು ಹೆಚ್ಚಾದಷ್ಟು ‘ನೀ ಹೋಗಬ್ಯಾಡ’ ಅನ್ನಲಿಕ್ಕೆ ಕಾರಣ ಹೆಚ್ಚಾಗ್ತಾವ. ಮನ್ಯಾಗಿನವರದ್ದು ಪ್ರೀತಿನೇ, ಅದರಾಗ ಎರಡು ಮಾತಿಲ್ಲ. ಆದ್ರ ಒಬ್ಬರು ಪ್ರೀತಿಯಿಂದ ವಜ್ಜ ಹೊರಸ್ತಾರ, ಇನ್ನೊಬ್ಬರು ಪ್ರೀತಿಯಿಂದ ಆ ವಜ್ಜ ತೋರಿಸಿ ಬ್ಯಾಡ ಅಂತಾರ. ನಡಬರಕ ಟಿಕೀಟು ಉಳೀತದ. ಅದಕ್ಕ ಸಾಮಾನಿನ ಲೆಕ್ಕ ಮೊದಲ ನಾವೇ ಮುಗಿಸಬೇಕು.

ತಕ್ಕಡಿಗೆ ಹಚ್ಚಿ ನೋಡ್ರಿ. ಮನಿಮನಿಯೊಳಗ ಇರೂ ಕ್ಯಾನನ್ 1500ಡಿ ಅಂಥಾ ಕ್ಯಾಮೆರಾ ಬ್ಯಾಟರಿ ಕೂಡಿ ಸುಮಾರು 475 ಗ್ರಾಂ. ಅದರ ಕೂಡ ಬರೂ 18–55 ಲೆನ್ಸು ಸುಮಾರು 200 ಗ್ರಾಂ. ಮುಕ್ಕಾಲು ಕಿಲೋ ಒಳಗ ಮುಗೀತು. ಇದರ ಮ್ಯಾಲೆ 55–250 ಝೂಮ್ ಇಟ್ರ ಮತ್ತ 375 ಗ್ರಾಂ, 50 ಎಂಎಂ ಸಣ್ಣ ಲೆನ್ಸಿಗೆ 160 ಗ್ರಾಂ, ಟ್ರೈಪಾಡು ಒಂದರಿಂದ ಒಂದೂವರಿ ಕಿಲೋ. ಚಾರ್ಜರು, ಬ್ಯಾಗು ಹಿಡದ್ರ ಎರಡೂವರಿ ಕಿಲೋ ದಾಟ್ತದ. ಒಂದು ಲೀಟರ್ ನೀರಿನ ಬಾಟ್ಲಿ ಅಂದ್ರ ಮತ್ತೊಂದು ಕಿಲೋ. ಗುಳಿಗಿ, ಛತ್ರಿ, ಚಷ್ಮಾ ಬ್ಯಾರೆ. ದಿನಾ ಕಾಯಿಪಲ್ಲೆ ಚೀಲ ಹೊತ್ತ ಕೈ ನಮ್ಮದು, ಹೊರಲಿಕ್ಕೆ ಆಗೂದಿಲ್ಲ ಅಂತಲ್ಲ. ಪ್ಯಾಟಿಗೆ ಹೋದಾಗ ಅರ್ಧ ತಾಸಿಗೆ ಮನಿ ಬರ್ತದ, ಊರು ನೋಡ್ಲಿಕ್ಕೆ ಹೋದಾಗ ಎಂಟು ತಾಸು ಆ ಚೀಲ ಇಳಸೂ ಜಾಗಾನೇ ಇರೂದಿಲ್ಲ.

ಇನ್ನೊಂದು ಮಾತು ಗಂಡಸರಿಗೆ ಹೊಳೀದೇ ಇಲ್ಲ. ಇಬ್ಬರು ಹೋದಾಗ ಒಬ್ಬಾಕಿ ಸಾಮಾನು ಕಾಯ್ತಾಳ, ಇನ್ನೊಬ್ಬಾಕಿ ಶೌಚಾಲಯಕ್ಕ ಹೋಗಿ ಬರ್ತಾಳ. ಒಬ್ಬಾಕಿನೇ ಇದ್ದಾಗ ಇರೂದೆಲ್ಲಾ ನಮ್ಮ ಕೂಡ ಒಳಗ ಬರಬೇಕು. ನೆಲದ ಮ್ಯಾಲೆ ಇಡಲಿಕ್ಕೆ ಬರೂದಿಲ್ಲ, ಬಾಗಿಲಿಗೆ ಗೂಟ ಇದ್ದರ ಪುಣ್ಯ. ಅದಕ್ಕ ನನ್ನ ಅಳತಿ ಇದೇ: ಬಸ್ ಸ್ಟ್ಯಾಂಡಿನ ಶೌಚಾಲಯದಾಗ ಕೊಳ್ಳಿಗೆ ಹಾಕ್ಕೊಂಡೇ ಕೂಡ್ಲಿಕ್ಕೆ ಬರೂವಷ್ಟು ಸಾಮಾನು ಇರಬೇಕು. ನಗಬ್ಯಾಡ್ರಿ, ಯಾವ ಕ್ಯಾಮೆರಾ ಅಂಗಡಿಯವನೂ ಈ ಅಳತಿ ಹೇಳೂದಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನಾ ಬಂದ ಮ್ಯಾಲೆ ನಮ್ಮ ಸಾದಾ ಸರಕಾರಿ ಬಸ್ಸಿನಾಗ ಹೆಣ್ಣುಮಕ್ಕಳಿಗೆ ಟಿಕೀಟಿನ ರೊಕ್ಕಿಲ್ಲ. ಒಬ್ಬೊಬ್ಬರೇ ಊರಿಗೆ ಹೋಗೂ ಅಕ್ಕ-ತಂಗ್ಯಾರು ಈಗ ಎಷ್ಟು ಮಂದಿ ಕಾಣ್ತಾರ! ಬಸ್ಸಿನಾಗ ಗದ್ದಲಾನೂ ಅಷ್ಟೇ ಅದ. ಸೀಟು ಸಿಕ್ಕರ ಬ್ಯಾಗು ತೊಡಿ ಮ್ಯಾಲೆ, ಸಿಗದಿದ್ದರ ಹೊಟ್ಟಿ ಮುಂದ. ಬೆನ್ನಿಗೆ ದೊಡ್ಡ ಬ್ಯಾಗು, ಬಗಲಾಗ ಟ್ರೈಪಾಡು ಇಟ್ಗೊಂಡು ನಿಂತ್ರ ನಮಗೂ ತ್ರಾಸು, ಮಂದಿಗೂ ತ್ರಾಸು.

ಇನ್ನ ‘ಮೊಬೈಲ್ ಇದ್ದಾಗ ಕ್ಯಾಮೆರಾನೇ ಯಾಕ?’ ಅನ್ನವರಿಗೆ. ಮೊಬೈಲಿನ್ಯಾಗ ಫೋಟೋ ಛಲೋ ಬರ್ತಾವ, ಒಪ್ತೀನಿ. ಆದ್ರ ಒಬ್ಬಾಕಿ ಇದ್ದಾಗ ಆ ಮೊಬೈಲೇ ರೈಲಿನ ಟಿಕೀಟು, ಅದೇ ರೊಕ್ಕದ ಚೀಲ, ಅದೇ ದಾರಿ ತೋರಸೂದು, ಅದೇ ಮನಿಗೆ ‘ಮುಟ್ಟಿದೆ’ ಅಂತ ಹೇಳೂದು. ಮಧ್ಯಾಹ್ನದ ತನಕ ಫೋಟೋ, ವಿಡಿಯೋ ತಗದು ಸಂಜೀಕ ಅದು ಕಣ್ಣು ಮುಚ್ಚಿದ್ರ ಗೊತ್ತಿಲ್ಲದ ಊರಾಗ ನಾವು ಕೈ-ಕಾಲು ಕಟ್ಟಿದ್ಹಂಗ. ಅದಕ್ಕ ಮನ್ಯಾಗ ಕ್ಯಾಮೆರಾ ಇದ್ದವರು ಒಯ್ಯೂದೇ ಶ್ಯಾಣ್ಯಾತನ. ಫೋಟೋದ ಕೆಲಸ ಕ್ಯಾಮೆರಾಕ್ಕ, ಉಳಿದ ಕೆಲಸ ಮೊಬೈಲಿಗೆ. ಕ್ಯಾಮೆರಾ ಇಲ್ಲದವರು ಒಂದು ಪವರ್ ಬ್ಯಾಂಕ್ ಒಯ್ದ್ರ ಮುಗೀತು, ಪ್ರವಾಸಕ್ಕಂತ ಹೊಸಾದು ಕೊಳ್ಳೂದು ಬ್ಯಾಡ. ಕೈಗೆ ರೂಢಿ ಇಲ್ಲದ ಕ್ಯಾಮೆರಾದಾಗ ಗುಂಡಿ ಹುಡಕೂದ್ರಾಗ ಊರು ಮುಗದು ಹೋಗ್ತದ.

ಒಂದೇ ಲೆನ್ಸು ಅಂದ್ರ ಯಾವುದು? ಮೈಸೂರಿಗಾದ್ರ 18–55. ದೇವರಾಜ ಮಾರ್ಕೆಟ್ ನೋಡಿದವರಿಗೆ ಗೊತ್ತದ, ಎರಡೂ ಕಡೆ ಅಂಗಡಿ, ನಡಬರಕ ಸಣ್ಣ ದಾರಿ. ಒಂದು ಕಡೆ ಮಲ್ಲಿಗಿ, ಸೇವಂತಿಗಿ ಮಾಲಿ, ಇನ್ನೊಂದು ಕಡೆ ಗೋಪುರದ್ಹಂಗ ಒಟ್ಟಿದ ಕುಂಕುಮ, ಬಣ್ಣದ ಪುಡಿ, ಮುಂದ ಹೋದ್ರ ಬಾಳಿಹಣ್ಣಿನ ಗೊನಿ. ಅಲ್ಲೆ ಹಿಂದ ಸರೀಲಿಕ್ಕೆ ಜಾಗಾ ಇಲ್ಲ. 50 ಎಂಎಂ ಲೆನ್ಸು ನಮ್ಮಂಥವರ ಕ್ಯಾಮೆರಾಕ್ಕ ಹಾಕಿದ್ರ 80ರ ಲೆನ್ಸಿನಷ್ಟು ಹತ್ರ ತೋರಸ್ತದ, ಅರ್ಧ ಅಂಗಡಿ ಹೊರಗ ಉಳೀತದ. 18ಕ್ಕ ತಿರುವಿದ್ರ ಇಡೀ ಅಂಗಡಿ ಬರ್ತದ, 55ಕ್ಕ ತಿರುವಿದ್ರ ಹೂವು ಕಟ್ಟೂ ಕೈ ಅಷ್ಟೇ ಬರ್ತದ. ಚಾಮುಂಡಿ ಬೆಟ್ಟದ ನಂದಿ ಮುಂದ ನಿಂತಾಗನೂ ಇದೇ ಲೆನ್ಸು ಕೈ ಹಿಡೀತದ. ಬೆಟ್ಟದ ಸಾವಿರ ಮೆಟ್ಟಲಾ ಹತ್ತವರಿಗಂತೂ ಒಂದೊಂದು ಗ್ರಾಂನೂ ಲೆಕ್ಕಕ್ಕ ಬರ್ತದ.

ಝೂಮ್ ಲೆನ್ಸು ಎಲ್ಲೂ ಬ್ಯಾಡ ಅಂತ ನಾ ಹೇಳೂದಿಲ್ಲ. 1892ರಾಗ ಸುರು ಆದ ಮೃಗಾಲಯ ನೋಡಲಿಕ್ಕೆ, ಕಾರಂಜಿ ಕೆರಿ ಹಕ್ಕಿ ಹಿಡೀಲಿಕ್ಕೆ ಅಂತನೇ ಹೋಗವರು ಝೂಮ್ ಒಯ್ಯಬೇಕು. ಆದ್ರ ಅವಾಗ 18–55 ಮನ್ಯಾಗ ಬಿಡ್ರಿ, ಅಗಲ ಫೋಟೋ ಬೇಕಾದ್ರ ಮೊಬೈಲಿನ್ಯಾಗ ನಾಕು ತಗೀರಿ. ಏನು ನೋಡಲಿಕ್ಕೆ ಹೊಂಟೇವಿ ಅಂತ ಮೊದಲ ಆರಸಿದ್ರ ಲೆನ್ಸು ತಾನೇ ಆರಿಸಿ ಬರ್ತದ. ‘ಎಲ್ಲಾನೂ ಒಯ್ಯೂಣು, ಯಾವುದಕ್ಕೂ ಇರಲಿ’ ಅನ್ನೂದು ಲಗ್ನದ ಮನಿಗೆ ಸರಿ, ಒಬ್ಬಾಕಿ ತಿರುಗಾಟಕ್ಕ ಅಲ್ಲ.

ಸಣ್ಣ ಲೆನ್ಸಿನ ಇನ್ನೊಂದು ಗುಣ ನನಗ ಭಾಳ ಸೇರ್ತದ. ದೊಡ್ಡ ಲೆನ್ಸಿನಾಗ ದೂರದಿಂದ ಮಂದಿ ಮಾರಿ ಅವರಿಗೆ ಗೊತ್ತಿಲ್ಲದ್ಹಂಗ ತಗೀಲಿಕ್ಕೆ ಬರ್ತದ. ನಮ್ಮ ಅಂಗಳದಾಗ ನಾವು ತಲಿ ಬಾಚ್ಕೋತ ಕೂತಾಗ ಯಾರರೆ ಆ ಬದಿಯಿಂದ ಫೋಟೋ ತಗದ್ರ ನಮಗ ಹೆಂಗ ಅನಸ್ತದ? ಸಣ್ಣ ಲೆನ್ಸಿದ್ದರ ಹತ್ರ ಹೋಗಬೇಕು, ಹತ್ರ ಹೋದ್ರ ಕೇಳಬೇಕು. ‘ಅಕ್ಕಾ, ಒಂದು ಫೋಟೋ ತಗೀಲೇನ್ರಿ?’ ಅಂದ್ರ ಹೂವಿನಾಕಿ ‘ತೆಗೀರಿ, ಅದಕ್ಕೇನಂತೆ’ ಅಂತಾಳ, ಇಲ್ಲಾ ಬ್ಯಾಡ ಅಂತ ಕೈ ಮಾಡ್ತಾಳ. ಹ್ಞೂಂ ಅಂದ್ರ ಒಂದು ಮೊಳ ಮಲ್ಲಿಗಿ ತಗೊಂಡು ಎರಡು ಮಾತು ಆಡಿ ಬರ್ರಿ. ‘ಯಾವ ಕಡೆಯವ್ರು ನೀವು, ಮಾತು ಹಿಂಗದೆ?’ ಅಂತ ಅವರೇ ಕೇಳ್ತಾರ. ಒಬ್ಬಾಕಿ ಹೋದಾಗ ಇಡೀ ದಿವಸದಾಗ ಆಡೂ ಮಾತೇ ಅಷ್ಟು, ಅದನ್ನ ದೊಡ್ಡ ಲೆನ್ಸಿಗೆ ಯಾಕ ಕಳಕೋಬೇಕು?

ಈಗ ಅರಮನಿ ದೀಪದ ಮಾತು. ಟ್ರೈಪಾಡು ಬೇಕೇ ಬೇಕು ಅನ್ನವರು ಇದನ್ನೇ ಮುಂದ ಮಾಡ್ತಾರ. ರವಿವಾರ ಮತ್ತ ಸರಕಾರಿ ಹಬ್ಬದ ದಿವಸ ಸಂಜಿ 7ರ ಸುಮಾರಿಗೆ ಹತ್ರ ಹತ್ರ ಒಂದು ಲಕ್ಷ ಬಲ್ಬು ಒಮ್ಮೆಲೇ ಹತ್ತತಾವ. ಅಷ್ಟು ಬೆಳಕಿದ್ದಾಗ ಟ್ರೈಪಾಡು ಯಾಕ್ರಿ? ಕ್ಯಾಮೆರಾದಾಗ ಐಎಸ್ಒ 1600ಕ್ಕ ಇಟ್ಟು, ಒಂದು ಗೋಡಿಗೋ ಕಂಬಕ್ಕೋ ಹೆಗಲು ಆನಿಸಿ, ಮೊಣಕೈ ಎದಿಗೆ ಒತ್ತಿ ಹಿಡೀರಿ. ಕಟ್ಟಿ ಸಿಕ್ಕರ ಬ್ಯಾಗಿನ ಮ್ಯಾಲೆ ಕ್ಯಾಮೆರಾ ಕೂಡ್ಸಿ 2 ಸೆಕೆಂಡಿನ ಟೈಮರ್ ಹಚ್ಚಿದ್ರ ಬೆರಳು ಒತ್ತಿದ ನಡುಕಾನೂ ಫೋಟೋಕ್ಕ ಬರೂದಿಲ್ಲ. ಬಲ್ಬು ಬೆಳ್ಳಗ ಒಡದು ಕಂಡ್ರ ಬೆಳಕಿನ ಗೆರಿ ಒಂದು ಮನಿ ಕೆಳಗ ಇಳಸ್ರಿ. ಗದ್ದಲದಾಗ ಟ್ರೈಪಾಡಿನ ಮೂರು ಕಾಲು ಹರವಿದ್ರ ಹುಡುಗರು ಎಡವತಾವ. ಪುರಾತತ್ವ ಇಲಾಖೆ ಸ್ಮಾರಕದಾಗಂತೂ ಟ್ರೈಪಾಡಿಗೆ ಮೊದಲೇ ಪರವಾನಗಿ ಬೇಕು.

ಅರಮನಿ ಒಳಗ ಚಪ್ಪಲಿ ಬಿಟ್ಟು ಹೋಗಬೇಕು, ಬಗ್ಗಿ ಎದ್ದಾಗ ಕೊಳ್ಳಾಗಿನ ವಜ್ಜ ಗೊತ್ತಾಗ್ತದ. ಸೇಂಟ್ ಫಿಲೋಮಿನಾ ಚರ್ಚಿನ ಒಳಗ ಫೋಟೋ ತಗೀಬಾರದು, ಕ್ಯಾಮೆರಾ ಚೀಲಕ್ಕ ಹಾಕಬೇಕು. ಒಂದೇ ಲೆನ್ಸಿನ ಕ್ಯಾಮೆರಾ ಲಗೂನ ಒಳಗ ಹೋಗ್ತದ, ಲಗೂನ ಹೊರಗ ಬರ್ತದ.

ಸಣ್ಣ ಸಾಮಾನಿನಾಗ ಮಾತ್ರ ಜಿಪುಣತನ ಬ್ಯಾಡ. ಒಂದು ಬ್ಯಾಟರಿಗೆ ಸುಮಾರು 500 ಫೋಟೋ ಬರ್ತಾವ, ಇನ್ನೊಂದು ಹೆಚ್ಚಿಗಿ ಇಟ್ಗೋರಿ. 64 ಜಿಬಿದು ಒಂದು ಕಾರ್ಡಿಗಿಂತ 16 ಜಿಬಿದು ಎರಡು ಛಲೋ. ಒಂದರಾಗ ಸಾದಾ ಫೋಟೋ ಎರಡು ಸಾವಿರದಷ್ಟು ಹಿಡೀತಾವ, ಒಂದು ಕೆಟ್ರ ಇನ್ನೊಂದು ಕೈಯಾಗ ಇರ್ತದ. ರೈಲಿನಾಗ ಚಾರ್ಜ್ ಮಾಡ್ಕೋತೀನಿ ಅಂತ ನಂಬಿ ಕೂಡಬ್ಯಾಡ್ರಿ, ಮನ್ಯಾಗೇ ತುಂಬಿಸಿಕೊಂಡು ಹೊಂಡ್ರಿ. ಕ್ಯಾಮೆರಾ ಬ್ಯಾಗು ಅಂತ ಹೆಸರು ಬರೆದದ್ದು ಬ್ಯಾಡ. ಝಿಪ್ ಇದ್ದ ಅರಬಿ ಚೀಲದಾಗ ಟಾವೆಲ್ ಸುತ್ತಿ ಇಟ್ರ ಸಾಕು. ಮಳಿ ಬಂದ್ರ ಹೊಚ್ಚಲಿಕ್ಕೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇರಲಿ.

ಕಡೀ ಮಾತು, ನಿಮ್ಮ ಫೋಟೋ. ನಮ್ಮ ಮನ್ಯಾಗಿನ ಆಲ್ಬಮ್ ತಗದು ನೋಡ್ರಿ, ಎಲ್ಲಾರೂ ಇರ್ತಾರ, ಅವ್ವ ಇರೂದಿಲ್ಲ. ಯಾಕಂದ್ರ ಅಕಿ ಆ ಕಡೆ ಚಪ್ಪಲಿ, ಚೀಲ ಕಾಯ್ಕೋತ ನಿಂತಿರ್ತಾಳ. ಒಬ್ಬಾಕಿ ಹೋದಾಗ ಹಂಗ ಆಗಬಾರದು. ಮಕ್ಕಳು-ಮರಿ ಕರಕೊಂಡು ಬಂದ ಯಾರರೆ ಹೆಣ್ಣುಮಗಳು ಕಂಡ್ರ ‘ನಿಮ್ಮೆಲ್ಲಾರದೂ ನಾ ತಗೀತೀನಿ, ನಂದೊಂದು ನೀವು ತಗೀರಿ’ ಅನ್ರಿ. ಆಟೋದಾಗ ಇಟ್ಟು, ಪಟ್ಟಿ ಅವರ ಕೊಳ್ಳಿಗೆ ಹಾಕಿ ಕೊಡ್ರಿ. ಸೆಲ್ಫಿ ಕೋಲು ಬ್ಯಾಡ, ಮಾತು ಸಾಕು.

ಹೊಂಡೂ ಎರಡು ದಿವಸ ಮೊದಲ ಒಯ್ಯೂದೆಲ್ಲಾ ಚೀಲದಾಗ ತುಂಬಿ, ನೀರಿನ ಬಾಟ್ಲಿನೂ ಇಟ್ಟು, ಪ್ಯಾಟಿಗೆ ನಡ್ಕೋತ ಹೋಗಿ ಬರ್ರಿ. ಮನಿ ಮೆಟ್ಟಲಾ ನಾಕು ಸಲ ಹತ್ತಿ ಇಳೀರಿ. ಹೆಗಲು ಏನು ಹೇಳ್ತದ ಕೇಳ್ರಿ, ಮನಿ ಮಂದಿದು ಆಮ್ಯಾಲೆ ಕೇಳಿದ್ರ ನಡೀತದ. ಹೆಗಲು ‘ಹ್ಞೂಂ’ ಅಂದ ಮ್ಯಾಲೆ ಮೊದಲ ಟಿಕೀಟು ತಗಸ್ರಿ, ಚೀಲ ಆಮ್ಯಾಲೆ ತುಂಬೂಣಂತ.