ಲೋಟಕ್ಕೆ ಲೇಬಲ್, ಬುಟ್ಟಿಗೆ ಚೌಕಾಸಿ

ಮಣಿಪಾಲದ ಫ್ಲ್ಯಾಟೊಂದರ ಗೃಹಪ್ರವೇಶಕ್ಕೆ ಉಡುಗೊರೆ ಹುಡುಕುತ್ತಾ ಕಳೆದ ತಿಂಗಳು ಅಲ್ಲಿಯದೇ ಅಂಗಡಿಯೊಂದಕ್ಕೆ ಹೋಗಿದ್ದೆ. ದಂಪತಿ ಪರಿಸರದ ಬಗ್ಗೆ ಕಾಳಜಿ ಉಳ್ಳವರು. ಆಮಂತ್ರಣ ಪತ್ರದಲ್ಲೇ 'ಪ್ಲಾಸ್ಟಿಕ್ ಉಡುಗೊರೆ ಬೇಡ' ಎಂದು ಅಚ್ಚು ಹಾಕಿಸಿದ್ದರು. ಅಂಗಡಿಯ ಹುಡುಗ ನನ್ನ ಮುಂದಿಟ್ಟದ್ದು 'ಬಿದಿರಿನ ನಾರಿನ' ನಾಲ್ಕು ಲೋಟಗಳ ಪೆಟ್ಟಿಗೆ. ಮೇಲೆ ಹಸಿರೆಲೆಯ ಚಿತ್ರ, ಬೆಲೆ 900 ರೂಪಾಯಿ. ಪೆಟ್ಟಿಗೆಯ ತಳದಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರಗಳಲ್ಲಿ, 'ಮೆಲಮೈನ್' ಎಂದಿತ್ತು.

ಬಿದಿರಿನ ಪುಡಿಯನ್ನು ಮೆಲಮೈನ್ ಅಂಟಿನಲ್ಲಿ ಕಲಸಿ ಅಚ್ಚಿಗೆ ಹಾಕಿದರೆ ಈ ಲೋಟ ಸಿದ್ಧ. ಅಂದರೆ ಪ್ಲಾಸ್ಟಿಕ್ಕೇ. ಒಮ್ಮೆ ಗಟ್ಟಿಯಾದ ಮೇಲೆ ಅದು ಕರಗದು, ಕೊಳೆಯದು. ಬಿಸಿ ಚಹಾ ಹೊಯ್ದರೆ ಅದರಿಂದ ಫಾರ್ಮಾಲ್ಡಿಹೈಡ್ ಹೆಚ್ಚಿನ ಪ್ರಮಾಣದಲ್ಲಿ ಇಳಿಯಬಹುದೆಂದು ಜರ್ಮನಿಯ ಸರಕಾರಿ ಸಂಸ್ಥೆಯೊಂದು 2020ರಲ್ಲಿ ಎಚ್ಚರಿಸಿತು. ಇಂಥ ಪಾತ್ರೆಗಳನ್ನು ಮಾರುಕಟ್ಟೆಯಿಂದ ತೆಗೆಸಲು ಐರೋಪ್ಯ ಒಕ್ಕೂಟ 2021ರಲ್ಲಿ ಕಾರ್ಯಾಚರಣೆಯನ್ನೇ ಆರಂಭಿಸಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯತುಗಳ ಒಣಕಸ ವಿಂಗಡಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕವಿದೆ. ನಾಳೆ ಈ ಲೋಟ ಅಲ್ಲಿಗೆ ಹೋದರೂ ಅದನ್ನು ಕರಗಿಸಿ ಇನ್ನೊಂದು ವಸ್ತು ಮಾಡಲು ಸಾಧ್ಯವಿಲ್ಲ. ನಾನು ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಬಂದೆ.

ಅದೇ ವಾರ ಕಾಪು ಪೇಟೆಯಲ್ಲಿ ಕೊರಗ ಸಮುದಾಯದ ಮಹಿಳೆಯೊಬ್ಬರು ರಸ್ತೆ ಬದಿ ಬುಟ್ಟಿ ಹರಡಿಕೊಂಡು ಕುಳಿತಿದ್ದರು. ಕಾರಿನಿಂದ ಇಳಿದ ಒಬ್ಬರು, ನಮ್ಮವರೇ, ಬುರ್ಖಾಧಾರಿ ಮಹಿಳೆ, ಬೆಲೆ ಕೇಳಿದರು.

"ಇನ್ನೂರೈವತ್ತು, ಅಮ್ಮಾ."

"ನೂರಕ್ಕೆ ಕೊಡು. ಕಾಡಿನಲ್ಲಿ ಬೀಳು ನಿನಗೆ ಪುಕ್ಕಟೆ ಸಿಗುತ್ತದಲ್ಲ?"

ಆಕೆ ಏನೂ ಹೇಳದೆ ಬುಟ್ಟಿಯನ್ನು ವಾಪಸು ತೆಗೆದಿಟ್ಟರು. ಅಂಗಡಿಯ ಹುಡುಗನೊಡನೆ ನಾನಾಗಲಿ ಆ ಸಹೋದರಿಯಾಗಲಿ ಹೀಗೆ ಮಾತಾಡುತ್ತಿದ್ದೆವೇ? ಹಸಿರೆಲೆಯ ಲೇಬಲ್ಲಿಗೆ 900 ಕೊಡುವಾಗ ತುಟಿ ಬಿಚ್ಚದವರು ಬುಟ್ಟಿ ನೇಯ್ದವಳ ಎದುರು ನಿಂತ ಕೂಡಲೇ ಅರ್ಥಶಾಸ್ತ್ರಜ್ಞರಾಗುತ್ತೇವೆ. ನಾವು ಪರಿಸರಸ್ನೇಹಿ ಎನ್ನುವ ವಸ್ತುವಿಗೆ ನಮ್ಮ ಜಿಲ್ಲೆಯಲ್ಲಿ ತಲೆಮಾರುಗಳಿಂದ ಒಂದು ಜಾತಿಯ ಹೆಸರಿತ್ತು. ಅದಕ್ಕೇ ಅದು ಅಗ್ಗವಾಯಿತು.

ಪುಕ್ಕಟೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಕಾರ್ಕಳದ ಮೂಡಣ ಕಾಡಿನ ಬಹುಭಾಗ 1987ರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗಿದೆ. ಬಿದಿರು, ಬೆತ್ತಗಳ ಮೇಲೆ ಕಾಡುವಾಸಿಗಳಿಗೆ ಹಕ್ಕಿದೆ ಎಂದು 2006ರ ಅರಣ್ಯ ಹಕ್ಕು ಕಾಯ್ದೆ ಹೇಳುತ್ತದೆ ನಿಜ. ಆದರೆ ಬಳ್ಳಿಯ ಕಟ್ಟು ಹೊತ್ತು ಗೇಟು ದಾಟುವವರಿಗೆ ಕಾಯ್ದೆಯ ಪುಸ್ತಕ ತೋರಿಸುವ ಧೈರ್ಯ ಎಲ್ಲಿಂದ ಬರಬೇಕು? ಕರ್ನಾಟಕದಲ್ಲಿ ಕೊರಗರ ಜನಸಂಖ್ಯೆ 2011ರ ಜನಗಣತಿಯಲ್ಲಿ 15,000ಕ್ಕಿಂತಲೂ ಕಡಿಮೆ. ಅವರಿಗೆ ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಲ್ಲಿಸಲು ನಮ್ಮ ರಾಜ್ಯ 2000ದಲ್ಲಿ ಕಾನೂನನ್ನೇ ಮಾಡಬೇಕಾಯಿತು. ಅಂಥವರ ಕೈಯ ಕೆಲಸದಿಂದ ನೂರೈವತ್ತು ರೂಪಾಯಿ ಉಳಿಸುವುದು ಯಾವ ಸೀಮೆಯ ಜಾಣತನ?

ಹಾಗೆಂದು ಕೊರಗರು ಬುಟ್ಟಿಯನ್ನೇ ನೇಯುತ್ತಿರಲಿ ಎಂದು ಹೇಳಿದರೆ ಅದು ಹಳೆಯ ಅನ್ಯಾಯಕ್ಕೆ ಹಸಿರು ಬಣ್ಣ ಬಳಿದಂತೆ. ಗುಂಡ್ಮಿಯ ಸಬಿತಾ ಅವರಂತೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಬೋಧಿಸುವ ಮಟ್ಟಕ್ಕೆ ಬೆಳೆದವರು ಆ ಸಮುದಾಯದಲ್ಲಿದ್ದಾರೆ, ಇನ್ನಷ್ಟು ಮಂದಿ ಆಗಲಿ. ನೇಯುವವರು ಇಷ್ಟಪಟ್ಟು ನೇಯಲಿ, ನೇಯ್ದದ್ದಕ್ಕೆ ಕೇಳಿದ ಬೆಲೆ ಸಿಗಲಿ. ನನ್ನ ತಕರಾರು ಇಷ್ಟೇ.

ಇನ್ನು ನಮ್ಮ ಮದುವೆಗಳು. ಹುಡುಗಿಯೊಡನೆ ಹೋಗುವ ಅಡುಗೆ ಸಾಮಾನಿನ ಪಟ್ಟಿ ನೋಡಿದ್ದೀರಾ? ನಾನ್‌ಸ್ಟಿಕ್ ಸೆಟ್ಟು, ಮೆಲಮೈನ್ ತಟ್ಟೆಗಳ ಸೆಟ್ಟು, ಮೂರು ನಾಲ್ಕು ಹಾಟ್‌ಬಾಕ್ಸು. ಅರ್ಧ ಅಟ್ಟ ಸೇರುತ್ತದೆ, ಉಳಿದರ್ಧ ಮುಂದಿನ ಮದುವೆಗೆ ಉಡುಗೊರೆಯಾಗಿ ಹೊರಡುತ್ತದೆ. ತಾನು ಕೊಟ್ಟ ಹಾಟ್‌ಬಾಕ್ಸ್ ಮೂರು ವರ್ಷದ ಬಳಿಕ ತನ್ನ ಮನೆಗೇ ಬಂದ ಕಥೆಯನ್ನು ನನ್ನ ಚಿಕ್ಕಮ್ಮ ಈಗಲೂ ಹೇಳುತ್ತಾರೆ. ನಾನ್‌ಸ್ಟಿಕ್ ಲೇಪ ಕೆಲವೇ ವರ್ಷಗಳಲ್ಲಿ ಏಳುತ್ತದೆ. ಅದರ ತಯಾರಿಕೆಯಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಪಿಎಫ್‌ಒಎ ಎಂಬ ರಾಸಾಯನಿಕವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ಪ್ರವಾದಿಯವರು(ಸ) ಮಗಳು ಫಾತಿಮಾರನ್ನು(ರ) ಕಳುಹಿಸಿಕೊಟ್ಟಾಗ ಜೊತೆಗೆ ಹೋದದ್ದು ಬೀಸುವ ಕಲ್ಲು, ನೀರಿನ ತೊಗಲಿನ ಚೀಲ, ದಿಂಬು ಇಂಥವೇ ಎಂದು ವಅಳ್ ಮಾಡುವವರು ಪ್ರತಿ ನಿಕಾಹಿನಲ್ಲೂ ಹೇಳುತ್ತಾರೆ. ನಾವು ತಲೆದೂಗಿ, ಊಟ ಮಾಡಿ ಬರುತ್ತೇವೆ. ಈಗಂತೂ ತಾಮ್ರದ ಹಂಡೆ, ಕಂಚಿನ ತಟ್ಟೆ ಮತ್ತೆ ಫ್ಯಾಶನ್ ಆಗಿವೆ. ಇವೂ ವರದಕ್ಷಿಣೆಯ ಪಟ್ಟಿಗೆ ಸೇರಿ ಹುಡುಗಿಯ ತಂದೆಯ ಸಾಲ ಬೆಳೆಯುವುದಾದರೆ ಅದಕ್ಕೆ ಪರಿಸರದ ಹೆಸರು ಹೇಳಬೇಡಿ.

ಹಾಗಾದರೆ ಏನು ಕೊಡುವುದು? ಉಡುಪಿಯ ಸುತ್ತ ಹುಡುಕಾಟ ಬೇಕಿಲ್ಲ. ಪೆರ್ಡೂರಿನ ಕುಂಬಾರರ ಮಣ್ಣಿನ ಪಾತ್ರೆಯಲ್ಲಿ ಕುದಿದ ಬಂಗುಡೆ ಸಾರಿನ ರುಚಿ ಯಾವ ಧರ್ಮದವರಿಗೂ ವಿವರಿಸಬೇಕಾಗಿಲ್ಲ. ಹೊಸ ಪಾತ್ರೆಯಲ್ಲಿ ಮೊದಲು ಗಂಜಿನೀರು ಕುದಿಸಬೇಕೆಂದು ಹೇಳಿಕೊಟ್ಟರೆ ಸಾಕು. ಗೆರಟೆಯ ಸೌಟು, ಕಬ್ಬಿಣದ ಕಾವಲಿ, ಅನ್ನ ಬಸಿಯುವ ಸಿಬ್ಬಲು, ತರಕಾರಿಗೊಂದು ಬುಟ್ಟಿ. ಕಾರ್ಕಳವಂತೂ ಕಲ್ಲಿನ ಊರು, 1432ರ ಗೊಮ್ಮಟನ ಊರು. ಏಲಕ್ಕಿ, ಕರಿಮೆಣಸು ಜಜ್ಜಲು ಒಂದು ಸಣ್ಣ ಕುಟ್ಟುವ ಕಲ್ಲು ಮೊಮ್ಮಕ್ಕಳ ಕಾಲಕ್ಕೂ ಉಳಿದೀತು. ಕಡೆಯುವ ಕಲ್ಲನ್ನು ಮಾತ್ರ ಕೊಡಬೇಡಿ. ಅದನ್ನು ಹೊಗಳಿ ಲೇಖನ ಬರೆಯುವ ಗಂಡಸರು ಮೊದಲು ಒಂದು ತಿಂಗಳು ತಾವೇ ಅದರಲ್ಲಿ ಉದ್ದಿನ ಹಿಟ್ಟು ಕಡೆಯಲಿ.

ಮಳೆಗಾಲದಲ್ಲಿ ಬುಟ್ಟಿಗೆ ಬೂಷ್ಟು ಹಿಡಿಯುತ್ತದೆ ಎನ್ನುತ್ತಾರೆ. ಹಿಡಿಯುತ್ತದೆ. ಹಿಂದೆ ಒಲೆಯ ಹೊಗೆ ಅದನ್ನು ಕಾಯುತ್ತಿತ್ತು, ಗ್ಯಾಸಿನ ಅಡುಗೆಮನೆಯಲ್ಲಿ ಆ ಹೊಗೆಯಿಲ್ಲ, ಇರಬೇಕಾಗಿಯೂ ಇಲ್ಲ. ಬಿಸಿಲು ಬಂದ ದಿನ ಅಂಗಳದಲ್ಲೋ ಬಾಲ್ಕನಿಯಲ್ಲೋ ಒಣಗಿಸಬೇಕು, ಅಷ್ಟು ಕಷ್ಟವಿದೆ. ಕೊನೆಗೊಮ್ಮೆ ಮುರಿದರೆ ತೆಂಗಿನ ಬುಡಕ್ಕೆ ಎಸೆದರಾಯಿತು, ನಿಟ್ಟೆಯವರೆಗೆ ಹೋಗಬೇಕಾಗಿಲ್ಲ.

ಆ ದಿನ ಕಾಪುವಿನಲ್ಲಿ ಕೇಳಿದಷ್ಟು ಕೊಟ್ಟು ನಾನೇ ಎರಡು ಬುಟ್ಟಿ ಕೊಂಡೆ. ಒಂದನ್ನು ಮಣಿಪಾಲದ ಮನೆಗೆ ಒಯ್ದೆ. ದಂಪತಿಗೆ ಬಹಳ ಸಂತೋಷವಾಯಿತು. ಮೊನ್ನೆ ಮತ್ತೆ ಹೋದಾಗ ನೋಡಿದರೆ ಬುಟ್ಟಿ ಹಜಾರದ ಗೋಡೆಯಲ್ಲಿ ಪುಟ್ಟ ದೀಪದ ಕೆಳಗೆ ತೂಗುತ್ತಿದೆ, ಅಡುಗೆಮನೆಯಲ್ಲಿ ಈರುಳ್ಳಿ ನೀಲಿ ಪ್ಲಾಸ್ಟಿಕ್ ಬುಟ್ಟಿಯಲ್ಲಿದೆ. ಗೋಡೆಯಿಂದ ಇಳಿಸಿ ಈರುಳ್ಳಿ ತುಂಬಿಸಿ ಎಂದು ಹೇಳಿ ಬಂದಿದ್ದೇನೆ.