ಕೆಳಗಿನ ರಸ್ತೆಯಲ್ಲಿ ಒಂದು ಲೋಟ ಟೀ



ಈ ವಾರ ತಾರೆಯರ ಸುದ್ದಿ ಇಲ್ಲ, ರಸ್ತೆಯ ಸುದ್ದಿ. ಪುಟ ಮಗುಚಬೇಡಿ, ಮುಂದೆ ಗಬ್ಬರ್ ಸಿಂಗ್ ಬರ್ತಾನೆ!

ಮೊನ್ನೆ ಭಾನುವಾರ ಅಕ್ಕನ ಮಗ ಹೊಸ ಬೈಕು ತಂದು ನಮ್ಮನೆ ಮುಂದೆ ನಿಲ್ಲಿಸಿದ. "ಹತ್ತಿ ಮಾಮ, ಎಕ್ಸ್‌ಪ್ರೆಸ್ ರೋಡಲ್ಲಿ ಒಂದೂವರೆ ಗಂಟೆಗೆ ಮೈಸೂರು!" ಅಂದ. ಹತ್ತಿದೆ. ಕೆಂಗೇರಿ ದಾಟಿ ಹೋದರೆ ಬೋರ್ಡು: ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರಿನ ಹೆದ್ದಾರಿ ಅದು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅಲ್ಲಿ ಜಾಗವಿಲ್ಲ. ಹುಡುಗನ ಮುಖ ಕ್ಲೈಮ್ಯಾಕ್ಸಿನಲ್ಲಿ ಕರೆಂಟು ಹೋದ ಟಾಕೀಸಿನ ಹಾಗಾಯಿತು. "ಹಳೇ ರೋಡಲ್ಲೇ ಹೋಗೋಣ ಕಣೋ" ಅಂದೆ. ಗೊಣಗುತ್ತಲೇ ತಿರುಗಿಸಿದ.

ನಿಜ ಹೇಳಿಬಿಡ್ತೀನಿ. ಆ ರಸ್ತೆ ಬಿಟ್ಟು ನನಗೂ ಎರಡು ವರ್ಷವಾಗಿತ್ತು. ಕಾರಿದೆಯಲ್ಲ, ಮೇಲೆ ಹತ್ತಿದರೆ ಇಳಿಯೋದು ಮೈಸೂರಲ್ಲೇ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ... ಎಲ್ಲಾ ಬೈಪಾಸು. ಊರುಗಳು ಬೋರ್ಡಿನ ಮೇಲಿನ ಹೆಸರುಗಳಾಗಿ ಉಳಿದಿದ್ದವು.

ರಾಮನಗರದಲ್ಲಿ ಬೈಕು ನಿಲ್ಲಿಸಿ ಬಂಡೆಗಳನ್ನು ತೋರಿಸಿದೆ. "ಗಬ್ಬರ್ ಸಿಂಗನ ಅಡ್ಡೆ ನೋಡು!" ರಮೇಶ್ ಸಿಪ್ಪಿ 'ಶೋಲೆ' ಚಿತ್ರೀಕರಣ ಶುರು ಮಾಡಿದ್ದು 1973ರಲ್ಲಿ, ಚಿತ್ರ ತೆರೆಗೆ ಬಂದದ್ದು 1975ರ ಆಗಸ್ಟ್ 15ರಂದು. ಹೆದ್ದಾರಿಯಿಂದ ಸೆಟ್ಟಿಗೆ ಹೋಗೋಕೆ ಸರಿಯಾದ ದಾರಿಯೇ ಇರಲಿಲ್ಲವಂತೆ. ಚಿತ್ರತಂಡವೇ ರಸ್ತೆ ಮಾಡಿಸಬೇಕಾಯಿತು. ದೊಡ್ಡ ರಸ್ತೆ ಬಿಟ್ಟು ಪಕ್ಕಕ್ಕೆ ಇಳಿದವರಿಗೇ ಅಲ್ಲವೇ ರಾಮಗಢ ಸಿಕ್ಕಿದ್ದು? ಹುಡುಗ ಫೋನು ತೆಗೆದು ಇಪ್ಪತ್ತು ಫೋಟೋ ಹೊಡೆದ. ಗೊಣಗಾಟ ನಿಂತಿತು.

ಚನ್ನಪಟ್ಟಣ ಹತ್ತಿರವಾದಂತೆ ನನ್ನ ಎದೆ ಮಾತ್ರ ಢವಢವ. ಅಲ್ಲೊಂದು ಟೀ ಅಂಗಡಿ ಇತ್ತು. ಮೂವತ್ತೈದು ವರ್ಷದ ಹಿಂದೆ ಸೆಕೆಂಡ್ ಶೋ ಮುಗಿಸಿ ಬಂದರೆ ಬಸ್ಸಿಲ್ಲ, ಜೇಬಲ್ಲಿ ಕಾಸಿಲ್ಲ. ಆ ಅಂಗಡಿಯವರು ಬೆಂಚು ತೋರಿಸಿ, "ಮಲಕ್ಕೊಳಪ್ಪ, ಮೊದಲ ಬಸ್ಸಿಗೆ ಎಬ್ಬಿಸ್ತೀನಿ" ಅಂದರು. ಬೆಳಗ್ಗೆ ಬಸ್ ಚಾರ್ಜನ್ನೂ ಕೊಟ್ಟರು. ದುಡ್ಡು ತೀರಿಸಿದೆ, ಋಣ ತೀರಲಿಲ್ಲ. ಆಮೇಲೆ ಯಾವಾಗ ಹೋದರೂ ಅಲ್ಲೇ ಟೀ. ಕಾಸು ತಗೊಳ್ಳುವ ಮೊದಲು ಕೇಳೋರು: "ಯಾವ ಪಿಚ್ಚರ್ ಚೆನ್ನಾಗೈತೆ? ನನ್ನನ್ನ ಒಂದ್ ದಿನ ಶೂಟಿಂಗ್‌ಗೆ ಕರ್ಕೊಂಡು ಹೋಗಪ್ಪ." ನನ್ನ ಉತ್ತರ ಒಂದೇ: "ಮುಂದಿನ ಸಲ ಅಣ್ಣ, ಖಂಡಿತ!"

ಅಂಗಡಿ ಇತ್ತು. ಅರ್ಧ ಬಾಗಿಲು ಮುಚ್ಚಿತ್ತು. ಒಳಗೆ ಮಗ.

"ಅಪ್ಪ ಹೋಗಿ ಎಂಟು ತಿಂಗಳಾಯ್ತು ಸಾರ್. ಕಾರುಗಳೆಲ್ಲ ಮೇಲೆ ಹೋಗೋಕೆ ಶುರುವಾದ ಮೇಲೆ ವ್ಯಾಪಾರ ಕಮ್ಮಿ. ಅವರಿಗೆ ಅದರ ಚಿಂತೆಗಿಂತ ನಿಮ್ಮದೇ ಜಾಸ್ತಿ. ಪಿಚ್ಚರ್‌ನೋರು ಯಾಕೋ ಈ ಕಡೆ ಬರ್ಲೇ ಇಲ್ಲ, ಹುಷಾರಾಗಿದಾರೋ ಇಲ್ವೋ ಅನ್ನೋರು."

ಏನು ಹೇಳಲಿ ಮಿತ್ರರೇ? ನೂರಾರು ಸಾವಿನ ಸೀನುಗಳ ಬಗ್ಗೆ ವಿಮರ್ಶೆ ಬರೆದ ಕೈಯಿದು. ಲೋಟ ಹಿಡಿಯೋಕೆ ಆಗಲಿಲ್ಲ. "ನಿನ್ನನ್ನಾದರೂ ಶೂಟಿಂಗ್‌ಗೆ ಕರ್ಕೊಂಡು ಹೋಗ್ತೀನಪ್ಪ" ಅಂದೆ. ಮಗ ನಕ್ಕ. "ನಂಗೆ ಶೂಟಿಂಗ್ ಹುಚ್ಚಿಲ್ಲ ಸಾರ್. ಈ ಕಡೆ ಬಂದಾಗ ಟೀ ಕುಡೀರಿ, ಸಾಕು."

ಮದ್ದೂರಲ್ಲಿ ವಡೆ ತಿಂದು ಮೈಸೂರು ಸೇರುವಾಗ ಐದು ಗಂಟೆ ಕಳೆದಿತ್ತು. ಹುಡುಗ ಒಂದು ಸಲವೂ ಗಡಿಯಾರ ನೋಡಲಿಲ್ಲ.

ಹೊಸ ರಸ್ತೆಯನ್ನು ನಾನು ಬೈಯೋದಿಲ್ಲ. ಆಸ್ಪತ್ರೆಗೆ ಹೊರಟವರಿಗೆ, ಇಂಟರ್‌ವ್ಯೂಗೆ ಓಡುವವರಿಗೆ ಅದು ಬೇಕೇ ಬೇಕು. ಕಾರಿದ್ದರೆ ಹತ್ತಿ ಹೋಗಿ. ಆದರೆ ರಜಾ ದಿನ ಸುಮ್ಮನೆ ಹೊರಟಿದ್ದರೆ, ದಾರಿಯಲ್ಲಿ ಯಾರಿಗಾದರೂ "ಮುಂದಿನ ಸಲ" ಅಂದಿದ್ದರೆ, ದಯವಿಟ್ಟು ಕೆಳಗಿಳಿದು ಹೋಗಿ. ನನ್ನ ಹಾಗೆ ಎಂಟು ತಿಂಗಳು ತಡ ಮಾಡಬೇಡಿ.

ಮುಂದಿನ ವಾರ ಸಿಗೋಣ.