ಸುರೂಪ ಶಸ್ತ್ರವೈದ್ಯ ಯಾರಿಗಾಗಿ?

ಜಮಖಂಡಿ ತಾಲ್ಲೂಕಿನ ತುಬಚಿಯಂಥ ಊರಿನ ವಿದ್ಯಾರ್ಥಿಯೊಬ್ಬನು ತಾನು ಮುಂದೆ ಪ್ಲಾಸ್ಟಿಕ್ ಸರ್ಜನ್ ಆಗುವೆನೆಂದರೆ ಮನೆಯ ಹಿರಿಯರು ನಕ್ಕಾರು. ಚಲಚ್ಚಿತ್ರ ತಾರೆಯರ ಮೂಗು ತಿದ್ದುವ ವಿದ್ಯೆ ಕಬ್ಬಿನ ನಾಡಿಗೆ ಏತಕ್ಕೆ ಎಂಬುದು ಅವರ ಶಂಕೆ. ಶಂಕೆ ಸಹಜವಾದುದು; ಆದರೆ ಸರಿಯಾದುದಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿದ ಬೆರಳು, ಕುದಿಯುವ ಕಬ್ಬಿನ ಹಾಲು ಸಿಡಿದು ಬೆಂದ ತೋಳು, ಹುಟ್ಟುವಾಗಲೇ ಸೀಳಿದ್ದ ತುಟಿ ಇವೆಲ್ಲವೂ ಆ ವೈದ್ಯನ ಕೆಲಸವೇ. ಪ್ಲಾಸ್ಟಿಕ್ ಕೊಡಕ್ಕೂ ಈ ವಿದ್ಯೆಗೂ ನಂಟಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡೋಣ. ರೂಪಿಸುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಇದಕ್ಕೆ ಈ ಹೆಸರು ಬಂದಿದೆ.

ಈ ವಿದ್ಯೆಯಲ್ಲಿ ಸಾಧಕನೆಂದು ಯಾರನ್ನು ಕರೆಯಬೇಕು ಎಂಬ ಪ್ರಶ್ನೆ ಬಂದಾಗ ನಮ್ಮ ಕಣ್ಣ ಮುಂದೆ ನಿಲ್ಲುವವರು ಡಾ. ನೋಶೀರ್ ಅಂತಿಯಾ. ಇವರು 1922ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದವರು. ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿಗೆ ತೆರಳಿ, ಸರ್ ಹೆರಾಲ್ಡ್ ಗಿಲ್ಲೀಸರ ಬಳಿ ಪಳಗಿದರು. ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸಾವಿರಾರು ಸೈನಿಕರಿಗೆ ಮತ್ತೆ ಮುಖ ಕೊಟ್ಟವರೇ ಈ ಗಿಲ್ಲೀಸ್. ಇಂಥ ಗುರುವಿನ ಶಿಷ್ಯನಿಗೆ ಮುಂಬಯಿಯ ಸಿರಿವಂತರ ಮನೆಬಾಗಿಲುಗಳು ತಾವಾಗಿಯೇ ತೆರೆಯುತ್ತಿದ್ದವು. ಅಂತಿಯಾ ಅವರು ತಟ್ಟಿದ್ದು ಪುಣೆಯ ಹತ್ತಿರದ ಕೊಂಢ್ವಾದ ಕುಷ್ಠರೋಗ ಆಸ್ಪತ್ರೆಯ ಬಾಗಿಲನ್ನು.

ಅಲ್ಲಿ ಅವರ ಮುಂದಿದ್ದ ಸಮಸ್ಯೆ ಏನೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕತ್ತರಿಸಿಹೋದ ಮೂಗನ್ನು ಹಣೆಯ ಚರ್ಮದಿಂದ ಕಟ್ಟುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. 1792ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ಕಡೆಯ ಕಾವಸ್‌ಜಿ ಎಂಬ ಎತ್ತಿನ ಬಂಡಿಯವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗು ಕಳೆದುಕೊಂಡನು. ಅವನಿಗೆ ಪುಣೆಯ ಸಮೀಪದ, ಇಟ್ಟಿಗೆ ಮಾಡುವ ಕುಲದ ಒಬ್ಬನು ಹೊಸ ಮೂಗು ಕಟ್ಟಿಕೊಟ್ಟನು. ಹಣೆಯಿಂದ ಬಿಡಿಸಿದ ಚರ್ಮವನ್ನು ಪೂರ್ತಿ ಕತ್ತರಿಸದೆ, ಹುಬ್ಬುಗಳ ನಡುವೆ ತೊಟ್ಟು ಉಳಿಸಿ, ಆ ತೊಟ್ಟಿನ ಮೂಲಕ ರಕ್ತ ಹರಿಯುವಂತೆ ನೋಡಿಕೊಂಡದ್ದೇ ಆ ಕೌಶಲದ ಗುಟ್ಟು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಇದರ ವರದಿ ಪ್ರಕಟವಾಯಿತು. 1814ರಲ್ಲಿ ಕಾರ್ಪ್ಯೂ ಎಂಬ ಆಂಗ್ಲ ವೈದ್ಯನು ಇದೇ ಕ್ರಮವನ್ನು ಅನುಸರಿಸಿ ಯಶಸ್ವಿಯಾದನು.

ಆದರೆ ಕುಷ್ಠರೋಗದಲ್ಲಿ ಹಾಳಾಗುವುದು ಮೂಗಿನ ಹೊರಚರ್ಮವಲ್ಲ. ಒಳಪೊರೆಯೂ ಅದರ ಕೆಳಗಿನ ಮೃದ್ವಸ್ಥಿಯೂ ನಾಶವಾಗಿ, ನಡುಗಂಬ ಮುರಿದ ಡೇರೆಯಂತೆ ಮೂಗು ಕುಸಿಯುತ್ತದೆ. ಹೊರಗಿನಿಂದ ಎಷ್ಟು ಚರ್ಮ ಹೊದಿಸಿದರೂ ಫಲವಿಲ್ಲ. ಗಿಲ್ಲೀಸರು ಇದಕ್ಕೆ ಬೇರೊಂದು ದಾರಿ ತೋರಿಸಿದ್ದರು. ಮೇಲ್ದುಟಿಯ ಒಳಬದಿಯಿಂದ ಪ್ರವೇಶಿಸಿ, ಅಂಟಿಕೊಂಡ ಚರ್ಮವನ್ನು ಸಡಿಲಿಸಿ, ತೆಳುವಾದ ಚರ್ಮವನ್ನು ಅಚ್ಚಿನ ಮೇಲೆ ಸುತ್ತಿ ಒಳಗೆ ಕೂರಿಸಿ ಹೊಸ ಒಳಪೊರೆ ಬೆಳೆಸುವುದು. ಮುಖದ ಮೇಲೆ ಗಾಯದ ಗುರುತೂ ಉಳಿಯದು. ಅಂತಿಯಾ ಅವರು ಇದನ್ನು ನಮ್ಮ ದೇಶದ ರೋಗಿಗಳಿಗೆ ಒದಗಿಸಿದರು. ರೋಗ ವಾಸಿಯಾದರೂ ಮುಖ ಸಾಕ್ಷಿ ಹೇಳುತ್ತಿದ್ದ ಕಾರಣ ಊರಿಗೆ ಮರಳಲಾರದವನಿಗೆ ಇದು ಅಲಂಕಾರವೆ?

1958ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯನ್ನು ಸೇರಿ ಅವರು ಸುರೂಪ ಶಸ್ತ್ರಚಿಕಿತ್ಸೆಯ ವಿಭಾಗವನ್ನು ಕಟ್ಟಿದರು. ಕುಷ್ಠರೋಗ ಬಂದವರಿಗೆ ಇತರ ರೋಗಿಗಳ ನಡುವೆಯೇ ಅಲ್ಲಿ ಹಾಸಿಗೆ ದೊರೆಯಿತು. ಕತ್ತಿಯ ಕೆಲಸಕ್ಕಿಂತ ಇದು ಕಠಿನವಾದುದೆಂದು ನಮಗೆ ತೋರುತ್ತದೆ.

ಇಷ್ಟಕ್ಕೇ ನಿಂತಿದ್ದರೂ ಅವರ ಜೀವನ ಸಾರ್ಥಕವೇ. ಆದರೆ ಒಂದು ವಿಷಯ ಅವರನ್ನು ಕಾಡಿತು. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಬೀಳುವುದಿಲ್ಲ. ನರ ಸತ್ತು ನೋವು ತಿಳಿಯದಿರುವುದರಿಂದ ಬಿಸಿ ಪಾತ್ರೆ, ಮುಳ್ಳು, ಕಲ್ಲು ಅದನ್ನು ಕೆಡಿಸುತ್ತವೆ. ರೋಗವನ್ನು ಮೊದಲೇ ಗುರುತಿಸಿದ್ದರೆ ಶಸ್ತ್ರಚಿಕಿತ್ಸೆಯೇ ಬೇಡವಾಗಿತ್ತು. ಹೀಗಾಗಿ ಅವರು ಸಮುದ್ರದಾಚೆಯ ಮಾಂಡ್ವಾ ಪ್ರದೇಶದಲ್ಲಿ, ಹೆಚ್ಚು ಓದಿಲ್ಲದ ಹಳ್ಳಿಯ ಹೆಂಗಸರಿಗೆ ಆರೋಗ್ಯದ ತಿಳಿವಳಿಕೆ ಕೊಟ್ಟು ಕೆಲಸಕ್ಕೆ ಹಚ್ಚಿದರು. ಸುಮಾರು 30,000 ಜನರ ಆರೈಕೆ ಇಂಥ 30 ಕಾರ್ಯಕರ್ತರ ಮೇಲಿತ್ತು. ಸ್ಥಳೀಯ ಮುಖಂಡರ ವಿರೋಧದಿಂದ ಆ ಪ್ರಯೋಗ ನಿಂತಿತು. ಅದಕ್ಕೂ ಮುಂಚೆ, 1975ರಲ್ಲಿ, ಅವರು ಸಮುದಾಯ ಆರೋಗ್ಯ ಸಂಶೋಧನೆಗೆಂದು ಸಂಸ್ಥೆಯೊಂದನ್ನು ಸ್ಥಾಪಿಸಿದ್ದರು. 2007ರಲ್ಲಿ ತೀರಿಕೊಳ್ಳುವವರೆಗೂ ಈ ಹಾದಿಯನ್ನು ಬಿಡಲಿಲ್ಲ.

ನುರಿತ ಕೈಗಳನ್ನು ಹೀಗೆ ಬೇರೆಡೆಗೆ ತಿರುಗಿಸಿದ್ದು ನಷ್ಟವೆನ್ನುವವರು ಉಂಟು. ಆ ಮಾತಿನಲ್ಲಿ ತುಸು ಸತ್ಯವೂ ಇದೆ. ಕುಸಿದ ಮೂಗನ್ನು ಹಳ್ಳಿಯ ಕಾರ್ಯಕರ್ತೆ ಎತ್ತಲಾರಳು. ಆದರೆ ತುಬಚಿಯ ಬೆಂದ ತೋಳನ್ನು ನೆನೆಯಿರಿ. ತಕ್ಷಣ 20 ನಿಮಿಷ ಹರಿಯುವ ತಣ್ಣೀರು ಬಿಟ್ಟರೆ ಗಾಯದ ಆಳ ತಗ್ಗುತ್ತದೆ. ಟೂತ್‌ಪೇಸ್ಟ್ ಮೆತ್ತಿದರೆ ಕೆಡುತ್ತದೆ. ತುಂಡಾದ ಬೆರಳನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ದರೆ ಮತ್ತೆ ಜೋಡಿಸುವ ಆಸೆಯುಂಟು. ನೇರವಾಗಿ ಮಂಜುಗಡ್ಡೆಗೆ ತಗುಲಿಸಬಾರದು. ಇನ್ನು, ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಾಸಲು ಮಚ್ಚೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಬೇಕು. ಕುಷ್ಠವೇ ಆಗಿದ್ದರೆ ಆರರಿಂದ ಹನ್ನೆರಡು ತಿಂಗಳ ಗುಳಿಗೆಗಳು ಅಲ್ಲಿ ಉಚಿತವಾಗಿಯೇ ದೊರೆಯುತ್ತವೆ.